ಅಗ್ಗದ ಮನೆಯ ಲೆಕ್ಕ: ಗುಜರಾತಿನ ಕನ್ನಡಿಗರ ನೆಲೆಯ ಪ್ರಶ್ನೆ



ಹೊರನಾಡ ಕನ್ನಡ ಸಂಘಗಳ ವೇದಿಕೆಯಲ್ಲಿ ಭಾಷೆ, ಸಾಹಿತ್ಯ, ಯಕ್ಷಗಾನ, ಗಡಿಯ ಪ್ರಶ್ನೆ ಇವುಗಳನ್ನು ಕುರಿತು ಮಾತನಾಡುವುದು ರೂಢಿ. ಮನೆ ಕೊಳ್ಳುವ ವಿಚಾರ ಊಟದ ಪಂಕ್ತಿಯಲ್ಲಿ ಚರ್ಚೆಯಾಗುತ್ತದೆಯೇ ಹೊರತು ವೇದಿಕೆಗೆ ಏರುವುದಿಲ್ಲ. ಆದರೆ ಹೊರನಾಡಿನಲ್ಲಿ ಒಂದು ಕುಟುಂಬ ತೆಗೆದುಕೊಳ್ಳುವ ನಿರ್ಧಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮಕ್ಕಳು ಯಾವ ಬೀದಿಯಲ್ಲಿ ಆಡುತ್ತಾರೆ, ಮನೆಯ ಹೆಂಗಸರು ದಿನದ ಎಷ್ಟು ಹೊತ್ತು ಒಬ್ಬರೇ ಇರುತ್ತಾರೆ, ಊರಿನಿಂದ ಬಂದ ತಾಯಿಗೆ ಕನ್ನಡದಲ್ಲಿ ನಾಲ್ಕು ಮಾತನಾಡಲು ಯಾರು ಸಿಗುತ್ತಾರೆ ಎಂಬುದನ್ನೆಲ್ಲ ಆ ಒಂದು ದಸ್ತಾವೇಜು ತೀರ್ಮಾನಿಸಿಬಿಡುತ್ತದೆ. ಆದುದರಿಂದ ಮನೆಯ ಪ್ರಶ್ನೆ ಸಂಸ್ಕೃತಿಯ ಪ್ರಶ್ನೆಯೂ ಹೌದೆಂಬ ನಂಬಿಕೆಯಿಂದ ಈ ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಗುಜರಾತು ನಮಗೆ ಸಂಪೂರ್ಣ ಪರನಾಡಾಗಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅಹಮದಾಬಾದು, ಸೂರತ್ತು ಜಿಲ್ಲೆಗಳೂ ಒಂದೇ ಮುಂಬಯಿ ಆಡಳಿತದ ಕೆಳಗಿದ್ದವು. ವಡೋದರಾ ಮಾತ್ರ ಸ್ವಾತಂತ್ರ್ಯದ ಕಾಲದವರೆಗೆ ಗಾಯಕವಾಡರ ಸಂಸ್ಥಾನವಾಗಿತ್ತು. 1960ರ ಮೇ 1ರಂದು ಗುಜರಾತು ಪ್ರತ್ಯೇಕ ರಾಜ್ಯವಾಯಿತು. ಅನಂತರ ಬಂದ ಕನ್ನಡಿಗರು ಮುಖ್ಯವಾಗಿ ಎರಡು ಬಾಗಿಲುಗಳಿಂದ ಬಂದರು. ಒಂದು, ವಿದ್ಯೆಯ ಬಾಗಿಲು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಬಳಿ ಸಂಶೋಧನೆ ಮಾಡಿದವರು. ಬಾಹ್ಯಾಕಾಶ ಕೇಂದ್ರ, ವಡೋದರಾದ ರಸಗೊಬ್ಬರ ಕಾರಖಾನೆ, ಕೊಯಲಿಯ ತೈಲ ಶುದ್ಧೀಕರಣಾಗಾರ, ತೈಲ ಮತ್ತು ಅನಿಲ ಆಯೋಗ, ಬ್ಯಾಂಕುಗಳು ಇಂಥ ವಿದ್ಯಾವಂತರಿಗೆ ಕೆಲಸ ಕೊಟ್ಟವು. ಇನ್ನೊಂದು, ಹೋಟೆಲಿನ ಬಾಗಿಲು. ಕರಾವಳಿಯ ಹುಡುಗರು ಮುಂಬಯಿಯಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲಾದ ಮೇಲೆ ಕೂತು, ಕೊನೆಗೆ ಸೂರತ್ತು, ಬರೋಡಾಗಳಲ್ಲಿ ಸ್ವಂತ ಇಡ್ಲಿ-ದೋಸೆಯ ಅಂಗಡಿ ಇಟ್ಟರು.

ಈ ಇಬ್ಬರಿಗೂ ಬಹುಕಾಲ ಮನೆಯ ಪ್ರಶ್ನೆ ಎದುರಾಗಲೇ ಇಲ್ಲ. ಮೊದಲನೆಯವರಿಗೆ ಕಂಪೆನಿಯ ಕ್ವಾರ್ಟರ್ಸು ಇತ್ತು; ಫರ್ಟಿಲೈಸರ್‌ನಗರದಂಥ ವಸಾಹತುಗಳಲ್ಲಿ ನೀರು, ಶಾಲೆ, ಆಸ್ಪತ್ರೆ ಎಲ್ಲವೂ ಆವರಣದೊಳಗೇ ಇದ್ದವು. ಎರಡನೆಯವರು ಹೋಟೆಲಿನ ಅಟ್ಟದಲ್ಲೋ ಮುಚ್ಚಿದ ಮೇಜುಗಳ ಮೇಲೋ ಮಲಗಿ, ಉಳಿಸಿದ ಹಣವನ್ನು ಊರಿಗೆ ಮನಿಯಾರ್ಡರು ಮಾಡಿದರು. ಇಬ್ಬರ ಮನಸ್ಸಿನಲ್ಲೂ ಮನೆ ಎಂದರೆ ಊರಿನದ್ದೇ. ಇಲ್ಲಿನದು ಬಿಡಾರ. ನಿವೃತ್ತಿಯ ಪತ್ರ ಕೈಗೆ ಬಂದಾಗ, ಇಲ್ಲವೇ ಹೋಟೆಲಿನ ಕಟ್ಟಡ ಕೆಡವಿ ಹೊಸದು ಕಟ್ಟುವರೆಂದು ತಿಳಿದಾಗ, ಮೂವತ್ತು ವರ್ಷದಲ್ಲಿ ಯೋಚಿಸಬೇಕಾಗಿದ್ದುದನ್ನು ಮೂರು ತಿಂಗಳಲ್ಲಿ ಯೋಚಿಸುವ ಪ್ರಸಂಗ ಬರುತ್ತದೆ. ಅವಸರದಲ್ಲಿ ಕೊಂಡ ಮನೆ ಎಲ್ಲಿರುತ್ತದೆಂದರೆ ಅಗ್ಗ ಎಲ್ಲಿದೆಯೋ ಅಲ್ಲಿ.

ಅಗ್ಗದ ನೆಲೆಯನ್ನು ಹುಡುಕಿಕೊಂಡು ಹೋಗುವ ಈ ವಲಸೆಗೆ ಒಂದು ನಕ್ಷೆಯೇ ಇದೆ. ಮುಂಬಯಿಯ ಪಶ್ಚಿಮ ರೈಲಿನ ಹಳಿಯನ್ನು ನೋಡಿರಿ. ಕೋಟೆ, ಗಿರ್‌ಗಾಂವ್‌ಗಳಲ್ಲಿ ನೆಲೆ ಸಿಗದವರು ಅಂಧೇರಿ, ಮಲಾಡಿಗೆ ಹೋದರು. ಅಲ್ಲಿ ದುಬಾರಿಯಾದಾಗ ಮೀರಾ ರೋಡ್, ಭಾಯಂದರ್. ಆಮೇಲೆ ನಾಲಾಸೋಪಾರಾ, ವಿರಾರ್. ಅದೇ ಹಳಿ ಮುಂದುವರಿದರೆ ವಾಪಿ, ವಲ್ಸಾಡ್, ಸೂರತ್ತು. ಮುಂಬಯಿಯ ಒಂದು ಖೋಲಿಯ ಬೆಲೆಗೆ ಇಲ್ಲಿ ಎರಡು ಕೋಣೆಯ ಮನೆ ಸಿಗುತ್ತದೆಂದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಕೆಲಸವನ್ನು ಮುಂಬಯಿಯಲ್ಲೇ ಉಳಿಸಿಕೊಂಡು ವಾಪಿ, ವಲ್ಸಾಡುಗಳಿಂದ ಪಾಸು ತೆಗೆದು ನಿತ್ಯ ಫ್ಲೈಯಿಂಗ್ ರಾಣಿಯಂಥ ಗಾಡಿಯಲ್ಲಿ ಓಡಾಡುವವರೂ ಇದ್ದಾರೆ. ಗುಜರಾತಿಗಳು ಈ ಬದುಕಿಗೆ ‘ಅಪ್-ಡೌನ್’ ಎಂಬ ಹೆಸರನ್ನೇ ಕೊಟ್ಟಿದ್ದಾರೆ.

ನಗರಗಳ ಒಳಗೂ ಇದೇ ಚಲನೆ ನಡೆಯುತ್ತದೆ. ಅಹಮದಾಬಾದಿನಲ್ಲಿ ಮಣಿನಗರ, ನವರಂಗಪುರಗಳಿಂದ ಚಾಂದಖೇಡಾ, ಗೋತಾ, ಬೋಪಲ್, ನಿಕೋಲ್, ವಸ್ತ್ರಾಲ್‌ಗಳ ಕಡೆಗೆ. ವಡೋದರಾದಲ್ಲಿ ಅಲಕಾಪುರಿ, ಸುಭಾನ್‌ಪುರಗಳಿಂದ ವಾಘೋಡಿಯಾ ರಸ್ತೆ, ಭಾಯಲಿಯ ಕಡೆಗೆ. ಸೂರತ್ತಿನಲ್ಲಿ ನಗರದ ನಡುವಿನಿಂದ ಉಧನಾ, ಡಿಂಡೋಲಿ, ಸಚಿನ್‌ನ ಕಡೆಗೆ. ನಗರವೂ ಬೆನ್ನಟ್ಟಿ ಬರುತ್ತದೆ. ಬೋಪಲ್ ಮತ್ತು ಘುಮಾ 2020ರಲ್ಲಿ ಅಹಮದಾಬಾದು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಬಂದವು. 2019ರಲ್ಲಿ ಆರಂಭವಾಗಿ 2022ರಲ್ಲಿ ವಿಸ್ತಾರಗೊಂಡ ಮೆಟ್ರೋ ಪೂರ್ವದ ವಸ್ತ್ರಾಲನ್ನು ಪಶ್ಚಿಮದ ಥಲತೇಜಕ್ಕೆ ಜೋಡಿಸಿತು. ಆದರೆ ನಗರ ಬಂದು ಮುಟ್ಟುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಾರೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ದೂರದ ಮನೆಯಿಂದಾಗಿ ಕೆಲಸಕ್ಕೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಹೆಚ್ಚಾಗುತ್ತದೆಂದು ಇಟ್ಟುಕೊಳ್ಳೋಣ. ದಿನಕ್ಕೆ ಒಂದೂವರೆ ಗಂಟೆ. ವರ್ಷಕ್ಕೆ 300 ಕೆಲಸದ ದಿನಗಳೆಂದರೆ 450 ಗಂಟೆ. ಗೃಹಸಾಲದ ಅವಧಿ 20 ವರ್ಷವಾದರೆ 9,000 ಗಂಟೆ. ಹಗಲು-ರಾತ್ರಿ ಸೇರಿ ಒಂದು ವರ್ಷಕ್ಕೆ 8,760 ಗಂಟೆಗಳು. ಅಂದರೆ ಸಾಲ ತೀರುವಷ್ಟರಲ್ಲಿ ಮನುಷ್ಯ ತನ್ನ ಆಯುಷ್ಯದ ಒಂದು ಪೂರ್ಣ ವರ್ಷಕ್ಕಿಂತ ಹೆಚ್ಚನ್ನು ದಾರಿಯಲ್ಲೇ ತೆತ್ತಿರುತ್ತಾನೆ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಎರಡು ವರ್ಷ. ಈ ಬೆಲೆ ಯಾವ ಬಾನಾಖತದಲ್ಲೂ ಬರೆದಿರುವುದಿಲ್ಲ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಾಗದಕ್ಕೆ ರುಜು ಹಾಕುವವನು ಬಹುಮಟ್ಟಿಗೆ ಗಂಡಸು. ದೂರದ ಬೆಲೆಯನ್ನು ಹೆಚ್ಚಾಗಿ ತೆರುವವರು ಹೆಂಗಸರು, ಮಕ್ಕಳು, ಮುದುಕರು. ಯಜಮಾನನು ಬೆಳಗ್ಗೆ ಹೊರಟು ರಾತ್ರಿ ಬರುತ್ತಾನೆ. ಅರ್ಧ ಖಾಲಿಯಿರುವ ಹೊಸ ಸೊಸೈಟಿಯಲ್ಲಿ ಟ್ಯಾಂಕರಿನ ನೀರಿಗಾಗಿ ಕಾಯುವವಳು, ಜ್ವರ ಬಂದ ಮಗುವನ್ನು ರಿಕ್ಷಾ ಸಿಗದ ದಾರಿಯಲ್ಲಿ ಎತ್ತಿಕೊಂಡು ನಡೆಯುವವಳು, ಗುಜರಾತಿ ಬಾರದೆ ತರಕಾರಿಯವನೊಡನೆ ಕೈಸನ್ನೆ ಮಾಡುವವಳು ಅವನ ಹೆಂಡತಿ. ಮಗನ ಒತ್ತಾಯಕ್ಕೆ ಊರು ಬಿಟ್ಟು ಬಂದ ತಂದೆತಾಯಿಗಳು ನಾಲ್ಕನೆಯ ಮಹಡಿಯ ಕಟಾಂಜನದಲ್ಲಿ ಕೂತು ಹೊತ್ತು ಕಳೆಯುತ್ತಾರೆ. ಮನೆಯನ್ನು ಆರಿಸುವಾಗ ಇವರ ಮಾತನ್ನು ಕೇಳಿದ ಕುಟುಂಬಗಳು ಎಷ್ಟು?

ಎರಡನೆಯ ವಿಚಾರ ಕಾಗದಪತ್ರಗಳದ್ದು. ಹೊರಗಿನಿಂದ ಬಂದವನು ತನ್ನ ಅಜ್ಞಾನಕ್ಕೆ ಬೆಲೆ ತೆರುತ್ತಾನೆ. ಇಲ್ಲಿನ ಅಳತೆಯೇ ಬೇರೆ. ನಾವು ಚದರಡಿಯಲ್ಲಿ ಕೇಳಿದರೆ ಇಲ್ಲಿ ‘ವಾರ್’ನಲ್ಲಿ ಹೇಳುತ್ತಾರೆ. ಒಂದು ವಾರ್ ಎಂದರೆ ಒಂದು ಚದರ ಗಜ, ಒಂಬತ್ತು ಚದರಡಿ. 100 ವಾರ್ ಎಂದು ಹೇಳಿದ ಮನೆ 900 ಚದರಡಿಯೆಂದು ನಾವು ಹಿಗ್ಗುತ್ತೇವೆ. ಆದರೆ ಅದು ಮೆಟ್ಟಿಲು, ಲಿಫ್ಟು, ಓಣಿಗಳನ್ನೆಲ್ಲ ಸೇರಿಸಿದ ‘ಸೂಪರ್ ಬಿಲ್ಟ್‌ಅಪ್’ ಆಗಿದ್ದರೆ, ಒಳಗೆ ಚಾಪೆ ಹಾಸುವ ನೆಲ ಅದಕ್ಕಿಂತ ಬಹಳ ಕಡಿಮೆ. 2016ರ ರೇರಾ ಕಾನೂನು ಈ ಕಾರಣಕ್ಕಾಗಿಯೇ ಕಾರ್ಪೆಟ್ ಅಳತೆಯನ್ನು ಕಡ್ಡಾಯ ಮಾಡಿತು. ಕರಾರು ಪತ್ರವನ್ನು ನೋಂದಾಯಿಸುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಪಡೆಯುವಂತಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಟೋಕನ್ ಎಂದು ಅರ್ಧ ಹಣ ಎಣಿಸಿ ಕೊಡುವ ಮೊದಲು ಈ ಒಂದು ವಾಕ್ಯ ನೆನಪಾದರೆ ಸಾಕು.

ಜಮೀನಿನ ದಾಖಲೆಗೆ ಇಲ್ಲಿ ‘ಸಾತ್-ಬಾರ್’ ಎನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ ‘ಉತಾರ’ ಎಂದರೆ ತಿಳಿದೀತು. ಮೈಸೂರು ಕಡೆಯವರು ಪಹಣಿಯೆಂದು ಅರ್ಥ ಮಾಡಿಕೊಳ್ಳಬಹುದು. ಆ ಜಮೀನು ‘ಬಿನ್‌ಖೇತಿ’, ಅಂದರೆ ಕೃಷಿಯೇತರವಾಗಿ ಪರಿವರ್ತನೆಯಾಗಿದೆಯೇ ಎಂಬುದು ಮೊದಲ ಪ್ರಶ್ನೆ. 1948ರ ಮುಂಬಯಿ ಗೇಣಿ ಕಾನೂನಿನ ಪ್ರಕಾರ ಕೃಷಿಕನಲ್ಲದವನಿಗೆ ಕೃಷಿ ಜಮೀನಿನ ಮಾರಾಟ ಸಾಮಾನ್ಯವಾಗಿ ನಿಷಿದ್ಧ. ಕರ್ನಾಟಕ 2020ರಲ್ಲಿ ಮಾಡಿದ ಸಡಿಲಿಕೆಯನ್ನು ನೆನೆದು ಇಲ್ಲಿ ಹೊಲದ ತುಂಡನ್ನು ಪ್ಲಾಟೆಂದು ಕೊಳ್ಳಬಾರದು.

ಎರಡನೆಯ ಪ್ರಶ್ನೆ, ಜಮೀನು ನಗರಯೋಜನೆಯಲ್ಲಿ ಎಲ್ಲಿದೆ ಎಂಬುದು. ಗುಜರಾತಿನ ‘ಟಿ.ಪಿ. ಸ್ಕೀಮ್’ ಒಂದು ಉಪಯುಕ್ತ ಪದ್ಧತಿ. ಒಂದು ಪ್ರದೇಶದ ಜಮೀನುಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ, ಉದ್ಯಾನ, ಶಾಲೆಗಳಿಗೆ ಪಾಲು ತೆಗೆದು, ಉಳಿದುದನ್ನು ‘ಫೈನಲ್ ಪ್ಲಾಟ್’ ಎಂದು ಮಾಲೀಕರಿಗೆ ಹಿಂತಿರುಗಿಸುತ್ತಾರೆ. 1915ರ ಮುಂಬಯಿ ಕಾನೂನಿನಿಂದ ಆರಂಭವಾದ ಈ ಕ್ರಮ 1976ರ ಗುಜರಾತು ಕಾನೂನಿನಲ್ಲಿ ಮುಂದುವರಿದಿದೆ. ಫೈನಲ್ ಪ್ಲಾಟಿನ ಸಂಖ್ಯೆ ಕೇಳಿ, ನಕ್ಷೆಯಲ್ಲಿ ಬೆರಳಿಟ್ಟು ನೋಡದೆ ಕೊಂಡವನ ಮನೆಯ ಮೇಲೆಯೇ ನಾಳೆ ರಸ್ತೆ ಹಾಯಬಹುದು. ಮೂರನೆಯದು, ಮಹಾನಗರಪಾಲಿಕೆ ಕೊಡುವ ‘ಬಿ.ಯು.’ ಅನುಮತಿ; ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದು ವಾಸಕ್ಕೆ ಯೋಗ್ಯವೆಂಬ ಪತ್ರ. ಕೊನೆಯದು ನೋಂದಾಯಿತ ದಸ್ತಾವೇಜು. ಮುಖತ್ಯಾರ ಪತ್ರದ ಮೇಲೆ ಮನೆ ಮಾರುವುದರಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸ್ಪಷ್ಟಪಡಿಸಿದೆ. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇಲ್ಲಿ ‘ಜಂತ್ರಿ’ ದರವೇ ಆಧಾರ. ನಮ್ಮಲ್ಲಿ ಮಾರ್ಗಸೂಚಿ ದರ ಎನ್ನುವುದು ಅದನ್ನೇ. 2023ರಲ್ಲಿ ಜಂತ್ರಿ ದರ ಇಮ್ಮಡಿಯಾಯಿತು. ಹಳೆಯ ದರದ ನೆನಪಿನಲ್ಲಿ ಹಣ ಹೊಂದಿಸಬಾರದು.

ಇದರ ಜೊತೆಗೆ ನೆಲದ ಸ್ವಭಾವವನ್ನೂ ಕೇಳಬೇಕು. 2001ರ ಜನವರಿ 26ರ ಬೆಳಗ್ಗೆ ಕಚ್ಛದಲ್ಲಿ ಭೂಮಿ ಕಂಪಿಸಿದಾಗ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಕೆಳ ಅಂತಸ್ತಿನಲ್ಲಿ ಗೋಡೆಗಳಿಲ್ಲದೆ ವಾಹನ ನಿಲುಗಡೆಗೆಂದು ಬರಿಯ ಕಂಬಗಳ ಮೇಲೆ ನಿಂತ ಕಟ್ಟಡಗಳು ಎಷ್ಟು ದುರ್ಬಲವೆಂಬುದು ಆಗ ಎಲ್ಲರಿಗೂ ತಿಳಿಯಿತು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ತಿನ ಬಹುಭಾಗವನ್ನು ಮುಳುಗಿಸಿತು. ವಡೋದರಾದಲ್ಲಿ ವಿಶ್ವಾಮಿತ್ರಿ 2019ರಲ್ಲೂ 2024ರಲ್ಲೂ ಮನೆಗಳಿಗೆ ನುಗ್ಗಿತು. ನಾವು ಹೊರಗಿನವರು; ನಲವತ್ತು ವರ್ಷದ ಹಿಂದೆ ಇಲ್ಲಿ ಕೆರೆಯಿತ್ತೇ, ಹಳ್ಳ ಹರಿಯುತ್ತಿತ್ತೇ ಎಂಬುದು ನಮಗೆ ಗೊತ್ತಿರುವುದಿಲ್ಲ. ಆ ಹಳ್ಳಿಯ ಮುದುಕನಿಗೆ ಗೊತ್ತಿರುತ್ತದೆ. ದಲ್ಲಾಳಿಯನ್ನು ಹತ್ತು ಸಲ ಕೇಳುವುದಕ್ಕಿಂತ ಅವನನ್ನು ಒಮ್ಮೆ ಕೇಳುವುದು ಲೇಸು.

ಮೂರನೆಯ ವಿಚಾರ ಬಾಗಿಲಿನದ್ದು. ಇದನ್ನು ನಾವು ಸಂಕೋಚದಿಂದ ಮಾತನಾಡುತ್ತೇವೆ, ಇಲ್ಲವೇ ಮಾತನಾಡುವುದೇ ಇಲ್ಲ. ಅಹಮದಾಬಾದು ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ನಗರ. 1920ರ ದಶಕದಲ್ಲಿ ಎಲ್ಲಿಸ್‌ಬ್ರಿಜ್ ಭಾಗದಲ್ಲಿ ಎದ್ದ ಪ್ರೀತಮ್‌ನಗರದಿಂದ ಮೊದಲುಗೊಂಡು ಸಾವಿರಾರು ಮಧ್ಯಮ ವರ್ಗದ ಕುಟುಂಬಗಳಿಗೆ ಸ್ವಂತ ಮನೆ ಕೊಟ್ಟದ್ದು ಈ ಸಹಕಾರ ತತ್ವ. ಕನ್ನಡ ನೆಲಕ್ಕೂ ಇದು ಹೊಸದಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದರು. 1915ರಲ್ಲಿ ಕೆನರಾ ಮೂಲದ ಸಾರಸ್ವತರು ಶ್ರೀಪಾದ ಸುಬ್ರಾವ್ ತಾಲಮಕಿಯವರ ಮುಂದಾಳುತನದಲ್ಲಿ ಮುಂಬಯಿಯ ಗಾಂವದೇವಿಯಲ್ಲಿ ಸಹಕಾರಿ ಗೃಹ ಸೊಸೈಟಿಯನ್ನು ಸ್ಥಾಪಿಸಿದರು. ದೇಶದ ಅತಿ ಹಳೆಯ ಗೃಹ ಸೊಸೈಟಿಗಳಲ್ಲಿ ಅದೂ ಒಂದು. ಊರು ಬಿಟ್ಟು ಬಂದವರು ಒಟ್ಟಾಗಿ ಬಾಡಿಗೆಯ ಸಂಕಟದಿಂದ ಬಿಡಿಸಿಕೊಂಡ ಬಗೆ ಅದು.

ಆದರೆ ಒಟ್ಟಾಗುವುದಕ್ಕೆ ಇನ್ನೊಂದು ಮುಖವಿದೆ. ತಮ್ಮವರನ್ನು ಒಳಗೆ ಕರೆಯುವ ಬಾಗಿಲೇ ಇತರರನ್ನು ಹೊರಗಿಡುತ್ತದೆ. ಸದಸ್ಯತ್ವವನ್ನು ಪಾರ್ಸಿಗಳಿಗೆ ಸೀಮಿತಗೊಳಿಸಿದ ಅಹಮದಾಬಾದಿನ ಸೊಸೈಟಿಯೊಂದರ ಉಪವಿಧಿಯನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಉಪವಿಧಿಯಲ್ಲಿ ಬರೆಯದಿದ್ದರೂ ‘ಮಾಂಸಾಹಾರಿಗಳಿಗೆ ಇಲ್ಲ’ ಎಂದು ಬಾಯಲ್ಲಿ ಹೇಳುವ ಸೊಸೈಟಿಗಳು ಈ ಮೂರೂ ನಗರಗಳಲ್ಲಿ ಇವೆ. ಮೀನಿಲ್ಲದೆ ಊಟ ಸೇರದ ನಮ್ಮ ಕರಾವಳಿಯ ಬಂಧುಗಳು ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಬಂಗುಡೆ ಹುರಿಯುವುದನ್ನು ನಾವು ನಗೆಚಾಟಿಕೆಯಾಗಿ ಹೇಳಿಕೊಳ್ಳುತ್ತೇವೆ. ಅದರಲ್ಲಿ ನಗುವಂಥದ್ದು ಹೆಚ್ಚಿಲ್ಲ. ಸಾಲ ಮಾಡಿ ಕೊಂಡ ಸ್ವಂತ ಮನೆಯಲ್ಲಿ ಕಳ್ಳನಂತೆ ಉಣ್ಣಬೇಕಾದವನು ಆ ಮನೆಗೆ ಎಷ್ಟರ ಮಟ್ಟಿಗೆ ಒಡೆಯ?

ನಮ್ಮವರೇ ಆದ ಮುಸ್ಲಿಂ ಕನ್ನಡಿಗರಿಗೆ ಈ ಬಾಗಿಲು ಇನ್ನೂ ಕಿರಿದು. 1986ರಲ್ಲಿ ಬಂದು 1991ರಲ್ಲಿ ಹೊಸ ರೂಪ ಪಡೆದ ‘ಅಶಾಂತ ಪ್ರದೇಶ’ ಕಾನೂನಿನಂತೆ, ಅಧಿಸೂಚಿತ ಬಡಾವಣೆಗಳಲ್ಲಿ ಮನೆಯನ್ನು ಪರಭಾರೆ ಮಾಡಬೇಕಾದರೆ ಕಲೆಕ್ಟರರ ಪೂರ್ವಾನುಮತಿ ಬೇಕು. ಗಲಭೆಯ ಭಯದಿಂದ ಜನ ಸಿಕ್ಕಿದ ಬೆಲೆಗೆ ಮನೆ ಮಾರಿ ಓಡದಿರಲೆಂಬುದು ಅದರ ಹೇಳಿಕೆಯ ಉದ್ದೇಶ. ಕಾಲಕ್ರಮದಲ್ಲಿ ಧರ್ಮ ಧರ್ಮಗಳ ನಡುವಿನ ಬೇಲಿಯನ್ನು ಅದು ಗಟ್ಟಿ ಮಾಡಿದೆ ಎಂಬ ಟೀಕೆಯೂ ಇದೆ. ಆ ಟೀಕೆಯಲ್ಲಿ ಹುರುಳಿದೆಯೆಂಬುದು ನನ್ನ ಅಭಿಪ್ರಾಯ. ಒಂದು ಬಡಾವಣೆಯಲ್ಲಿ ಮನೆ ಸಿಗದವನು ಇನ್ನೊಂದರಲ್ಲಿ ಹೆಚ್ಚು ಬೆಲೆಗೆ ಕಡಿಮೆ ಸೌಕರ್ಯವನ್ನು ಕೊಳ್ಳುತ್ತಾನೆ. ಅವನ ಕೈಗೆಟುಕುವ ಅಗ್ಗದ ನೆಲೆಯನ್ನು ಪೇಟೆಗಿಂತ ಹೆಚ್ಚಾಗಿ ಬೇಲಿ ಗೊತ್ತುಮಾಡುತ್ತದೆ. ‘ಕನ್ನಡಿಗರಿಗೆ ಮನೆ ಕೊಡುವುದಿಲ್ಲ’ ಎಂದಾಗ ಸಿಟ್ಟಾಗುವ ನಾವು, ನಮ್ಮ ಸೊಸೈಟಿಯ ಸಭೆಯಲ್ಲಿ ಇನ್ನೊಬ್ಬನಿಗೆ ಬಾಗಿಲು ಮುಚ್ಚುವ ನಿರ್ಣಯಕ್ಕೆ ಕೈಯೆತ್ತಿದರೆ ನಮ್ಮ ಸಿಟ್ಟಿಗೆ ಬೆಲೆಯಿಲ್ಲ.

ಇನ್ನು ಭಾಷೆಯ ಮಾತು. ಕ್ವಾರ್ಟರ್ಸಿನ ಕಾಲದಲ್ಲಿ ಹತ್ತು ಕನ್ನಡ ಮನೆಗಳು ಒಂದೇ ಸಾಲಿನಲ್ಲಿದ್ದವು. ಮಕ್ಕಳು ಕನ್ನಡವನ್ನು ಕಲಿಯಬೇಕಾಗಿರಲಿಲ್ಲ, ಅದು ತಾನಾಗಿ ಅಂಟುತ್ತಿತ್ತು. ಅಗ್ಗವನ್ನು ಅರಸಿ ಹತ್ತು ಮನೆಗಳು ಹತ್ತು ದಿಕ್ಕಿಗೆ ಚದುರಿದಾಗ ಸಂಘದ ಭವನ ಎಲ್ಲರಿಗೂ ದೂರವಾಯಿತು. ಗುಜರಾತಿನ ಶಾಲೆಗಳಲ್ಲಿ 1ರಿಂದ 8ನೆಯ ತರಗತಿಯವರೆಗೆ ಗುಜರಾತಿಯ ಬೋಧನೆಯನ್ನು 2023ರ ಕಾನೂನು ಕಡ್ಡಾಯಗೊಳಿಸಿದೆ. ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯುವುದು ನ್ಯಾಯವೇ. ಆದರೆ ಕನ್ನಡಕ್ಕೆ ಉಳಿಯುವ ಜಾಗ ಮನೆ ಮತ್ತು ನೆರೆಮನೆ ಮಾತ್ರ. ನೆರೆಮನೆಯೂ ಇಲ್ಲವಾದರೆ ಎಲ್ಲ ಭಾರ ಅಡುಗೆಮನೆಯ ಮೇಲೆ ಬೀಳುತ್ತದೆ.

ಆದುದರಿಂದ ಸಂಘದ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ. ಒಂದು, ಪ್ರತಿ ನಗರದಲ್ಲೂ ನಮ್ಮವರೇ ಆದ ವಕೀಲರು, ಎಂಜಿನಿಯರರು, ಬ್ಯಾಂಕಿನಿಂದ ನಿವೃತ್ತರಾದವರು ಮೂವರು ಸೇರಿ ತಿಂಗಳಿಗೊಂದು ಭಾನುವಾರ ಕೂರಲಿ; ಮನೆ ಕೊಳ್ಳುವವರು ಹಣ ಕೊಡುವ ಮೊದಲು ಅವರಿಗೆ ಕಾಗದ ತೋರಿಸಲಿ. ಎರಡು, ಮನೆ ಹುಡುಕುವ ಕುಟುಂಬಗಳು ಪರಸ್ಪರ ತಿಳಿಸಿಕೊಂಡು, ಸಾಧ್ಯವಾದರೆ ನಾಲ್ಕೈದು ಮನೆ ಒಂದೇ ಬಡಾವಣೆಯಲ್ಲಿ ಕೊಳ್ಳಲಿ. ಕನ್ನಡಿಗರದ್ದೇ ಪ್ರತ್ಯೇಕ ಕೇರಿ ಕಟ್ಟಬೇಕೆಂಬುದು ನನ್ನ ಆಶಯವಲ್ಲ. ಗುಜರಾತಿ ನೆರೆಯವರ ನಡುವೆ, ಸಂಜೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಕನ್ನಡ ಮನೆ ಇದ್ದರೆ ಸಾಕು. ಮೂರು, ಮನೆಯನ್ನು ಗೃಹಿಣಿಯ ಹೆಸರಿಗೆ ನೋಂದಾಯಿಸುವುದನ್ನು ರೂಢಿ ಮಾಡೋಣ. ಖರೀದಿ ಮಹಿಳೆಯ ಹೆಸರಿನಲ್ಲೇ ಆದರೆ ನೂರಕ್ಕೆ ಒಂದರಷ್ಟಿರುವ ನೋಂದಣಿ ಶುಲ್ಕಕ್ಕೆ ಗುಜರಾತು ಸರಕಾರ ವಿನಾಯಿತಿ ಕೊಡುತ್ತದೆ. ಉಳಿತಾಯ ಚಿಕ್ಕದು, ದೂರದ ಮನೆಯ ಬೆಲೆ ತೆರುವವಳಿಗೇ ಒಡೆತನ ಸಲ್ಲುವುದು ದೊಡ್ಡದು. ನಾಲ್ಕು, ಕನ್ನಡ ತರಗತಿಯೂ ಪುಸ್ತಕದ ಪೆಟ್ಟಿಗೆಯೂ ಭವನದಲ್ಲಿ ಕಾಯುತ್ತ ಕೂರದೆ ಬೋಪಲಿಗೆ, ಭಾಯಲಿಗೆ, ಡಿಂಡೋಲಿಗೆ ಸರದಿಯಂತೆ ಹೋಗಲಿ.

ಇಷ್ಟೆಲ್ಲ ಹೇಳುವಾಗ ಹಿರಿಯರೊಬ್ಬರು ಕೇಳಬಹುದು: ‘ಕೊನೆಗೆ ಊರಿಗೆ ಹೋಗುವವರಿಗೆ ಇಲ್ಲಿ ಮನೆ ಏಕಪ್ಪ?’ ಆ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಗಿ ಆರಂಭವಾದ ಮೇಲೆ ಊರು ಹತ್ತಿರವಾಗಿದೆ. ಇಲ್ಲಿ ಹತ್ತಿದ ಗಾಡಿಯಲ್ಲೇ ಕರಾವಳಿಯಲ್ಲಿ ಇಳಿಯಬಹುದು. ಆದರೆ ಊರಿನಲ್ಲಿ ಕಟ್ಟಿಸಿದ ಎಷ್ಟೋ ಮನೆಗಳು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿವೆ. ಅವುಗಳಿಗಾಗಿ ಹಣ ಕಳಿಸಿದವರು ಇಲ್ಲಿ ಬಾಡಿಗೆಯ ಕೋಣೆಗಳಲ್ಲಿ ಮುಪ್ಪಾದರು. ಊರಿನ ಮನೆ ನಮ್ಮ ನೆನಪಿಗೆ, ಇಲ್ಲಿನ ಮನೆ ನಮ್ಮ ಮಕ್ಕಳ ಬದುಕಿಗೆ. ಎರಡಕ್ಕೂ ಹಣವಿಲ್ಲದ ಸಾಮಾನ್ಯ ಕುಟುಂಬ ಮೊದಲು ಯಾವುದನ್ನು ಕಟ್ಟಬೇಕೆಂಬುದನ್ನು, ಹೆಂಡತಿ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಕೂದಲು ಕಪ್ಪಾಗಿರುವಾಗಲೇ ತೀರ್ಮಾನಿಸಲಿ ಎಂಬುದಷ್ಟೇ ನನ್ನ ಬಿನ್ನಹ.

 ಮುಂದಿನ ಭಾನುವಾರದ ಮೊದಲ ಕೂಟಕ್ಕೆ ಮನೆ ನೋಡುತ್ತಿರುವವರು ತಮ್ಮ ಕಾಗದಪತ್ರಗಳೊಡನೆ ಬರಬೇಕೆಂದು ಕೋರುತ್ತೇನೆ.